ಶೃಂಗೇರಿಯ ಮೇಲೆ ನಡೆದ ದಂಡಿನ ಹಾವಳಿ (ಕ್ರಿ. ಶ. 1791): ನಿರಾಯುಧರ ವಧೆಯ ಆರೋಪಕ್ಕೆ ಪ್ರಮಾಣವಿಚಾರ

ದಂಡು ನಡೆದ ದಾರಿಯಲ್ಲಿ ಆಯುಧವನ್ನು ಹಿಡಿಯದ ಜನರು ಹತರಾದರೆಂಬ ಆರೋಪವು ಎಲ್ಲ ದೇಶಗಳ ಚರಿತ್ರೆಯಲ್ಲಿಯೂ ಕೇಳಿಬರುತ್ತದೆ. ಆದರೆ ಆ ಆರೋಪವನ್ನು ಪರೀಕ್ಷಿಸುವುದಕ್ಕೆ ತಕ್ಕ ಸಾಮಗ್ರಿಯು ದೊರೆಯುವುದು ವಿರಳ. ಗೆದ್ದವನ ಬಖೈರಿನಲ್ಲಿ ಹಿಡಿದ ಕೋಟೆಗಳ ಪಟ್ಟಿಯೂ ವಶವಾದ ಫಿರಂಗಿಗಳ ಲೆಕ್ಕವೂ ಇರುತ್ತವೆ; ಸತ್ತ ಒಕ್ಕಲಿಗನ ಹೆಸರಿರುವುದಿಲ್ಲ. ಸೋತವನ ಬರಹದಲ್ಲಿ ಹೆಸರಿಲ್ಲದಿದ್ದರೂ ಸಂಖ್ಯೆಯೊಂದಿರುತ್ತದೆ. ಆ ಸಂಖ್ಯೆಯು ಬಾಯಿಂದ ಬಾಯಿಗೆ ಬೆಳೆಯುತ್ತ ಹೋಗುತ್ತದೆ. ಹೀಗಾಗಿ ಒಂದು ಪಕ್ಷದವರು ಎಲ್ಲವನ್ನೂ ನಂಬುವರು, ಮತ್ತೊಂದು ಪಕ್ಷದವರು ಎಲ್ಲವನ್ನೂ ಅಲ್ಲಗಳೆಯುವರು. ನಡುವೆ ನಿಂತು ವಿಚಾರಿಸುವವನಿಗೆ ಎರಡು ಕಡೆಯ ಮುನಿಸೂ ತಪ್ಪದು.

ನಮ್ಮ ನಾಡಿನ ಚರಿತ್ರೆಯಲ್ಲಿ ಇಂತಹ ಒಂದು ಪ್ರಸಂಗವು ಪರೀಕ್ಷೆಗೆ ಯೋಗ್ಯವಾಗಿ ಉಳಿದುಬಂದಿದೆ. ಅದು ಕ್ರಿ. ಶ. 1791ನೆಯ ಇಸವಿಯಲ್ಲಿ, ಎಂದರೆ ಶಾಲಿವಾಹನ ಶಕ 1713ನೆಯ ವಿರೋಧಿಕೃತ್ ಸಂವತ್ಸರದಲ್ಲಿ, ಮರಾಠಿ ದಂಡಿಗೆ ಸೇರಿದ ಜನರು ತುಂಗಾತೀರದ ಶೃಂಗೇರಿಯನ್ನು ಹೊಕ್ಕು ಮಠವನ್ನು ಕೊಳ್ಳೆಹೊಡೆದು ಅಲ್ಲಿಯ ಬ್ರಾಹ್ಮಣರೇ ಮೊದಲಾದವರನ್ನು ಕೊಂದರೆಂಬುದು. ಈ ಪ್ರಸಂಗವು ಈಗ ಅನೇಕರಿಗೆ ತಿಳಿದಿದೆ. ಆದರೆ ಅದನ್ನು ಎತ್ತುವವರು ಬಹುಮಟ್ಟಿಗೆ ಟೀಪೂ ಸುಲ್ತಾನನನ್ನು ಹೊಗಳುವುದಕ್ಕೋ ತೆಗಳುವುದಕ್ಕೋ ಎತ್ತುತ್ತಾರೆಯೇ ಹೊರತು, ಅಲ್ಲಿ ಸತ್ತವರ ವಿಷಯವಾಗಿ ಏನು ಸಿದ್ಧವಾಗಿದೆ, ಏನು ಸಿದ್ಧವಾಗಿಲ್ಲ, ಆ ವಧೆಯ ಹೊಣೆ ಯಾರದು ಎಂಬ ಮಾತನ್ನು ಎತ್ತುವುದಿಲ್ಲ. ಆ ಮಾತೇ ಪ್ರಕೃತ ಲೇಖನದ ವಿಷಯ. ಪಾಠಶಾಲೆಯಲ್ಲಿ ನಾವು ಯಾಜ್ಞವಲ್ಕ್ಯಸ್ಮೃತಿಯನ್ನು ಮಿತಾಕ್ಷರೆಯೊಡನೆ ಓದಿದಾಗ ಸಾಕ್ಷಿಪ್ರಕರಣವು ಪರೀಕ್ಷೆಗೆ ಬರತಕ್ಕ ಭಾಗವೆಂದೇ ಓದಿದೆವು. ಇನ್ನೂರು ವರ್ಷಗಳ ಹಿಂದಿನ ಒಂದು ದಂಡಯಾತ್ರೆಗೆ ಅದನ್ನು ಅನ್ವಯಿಸಬಹುದೆಂದು ನನಗೆ ಆಗ ತೋರಿರಲಿಲ್ಲ.

ಮೊದಲು ಸಂದರ್ಭವನ್ನು ಹೇಳಬೇಕು. 1789ನೆಯ ಇಸವಿಯ ಡಿಸೆಂಬರಿನಲ್ಲಿ ಟೀಪುವು ತಿರುವಾಂಕೂರಿನ ಗಡಿಗೋಡೆಯ ಮೇಲೆ ಬಿದ್ದುದರಿಂದ ಹುಟ್ಟಿದ ಯುದ್ಧದಲ್ಲಿ ಇಂಗ್ಲಿಷರೂ ನಿಜಾಮನೂ ಪೇಷ್ವೆಯೂ 1790ರಲ್ಲಿ ಒಡಂಬಡಿಕೆ ಮಾಡಿಕೊಂಡು ಮೂರು ದಿಕ್ಕುಗಳಿಂದ ಮೈಸೂರನ್ನು ಮುತ್ತಿದರು. ಪೇಷ್ವೆಯ ಪರವಾಗಿ ಪರಶುರಾಮ ಭಾವು ಪಟವರ್ಧನನು ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದನು. ಮುಂಬಯಿಯಿಂದ ಬಂದ ಕ್ಯಾಪ್ಟನ್ ಲಿಟ್ಲನ ತುಕಡಿಯೂ ಅವನೊಡನೆ ಇದ್ದಿತು. ಕೋಟೆಯನ್ನು ಕಾಯುತ್ತಿದ್ದ ಬದ್ರುಜ್ಜಮಾನ್ ಖಾನನು ಸುಮಾರು ಆರೇಳು ತಿಂಗಳು ಹಿಡಿದು ನಿಂತು, 1791ರ ಏಪ್ರಿಲ್ ತಿಂಗಳಿನಲ್ಲಿ ಕರಾರಿನ ಮೇಲೆ ಕೋಟೆಯನ್ನು ಬಿಟ್ಟುಕೊಟ್ಟನು. ಅನಂತರ ದಂಡು ತುಂಗಭದ್ರೆಯನ್ನು ದಾಟಿ ದಕ್ಷಿಣಕ್ಕೆ ನಡೆದು ಮೇ ತಿಂಗಳ ಕೊನೆಯಲ್ಲಿ ಮೇಲುಕೋಟೆಯ ಸಮೀಪದಲ್ಲಿ ಲಾರ್ಡ್ ಕಾರ್ನ್‌ವಾಲಿಸನನ್ನು ಕೂಡಿಕೊಂಡಿತು. ಲಿಟ್ಲನ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಅಧಿಕಾರಿಯು ಈ ದಂಡಯಾತ್ರೆಯನ್ನು ಕುರಿತು 1794ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಮರಾಠಿ ಪಾಳೆಯದ ರೀತಿನೀತಿಗಳನ್ನು ತಿಳಿಯುವುದಕ್ಕೆ ಅದು ಈಗಲೂ ಉಪಯುಕ್ತವಾದುದು.

ಆ ಪಾಳೆಯವೆಂದರೆ ಈಗಿನ ವಾಚಕರು ಊಹಿಸುವಂತೆ ಸಾಲುಗಟ್ಟಿ ನಿಂತ ಸಿಪಾಯಿಗಳ ಸಮೂಹವಲ್ಲ. ಸರದಾರರ ಸ್ವಂತ ಕುದುರೆ ಸವಾರರು ಒಂದು ಕಡೆ; ಸಂಬಳಕ್ಕೆ ಬಂದ ಕಾಲಾಳುಗಳು ಒಂದು ಕಡೆ; ಎತ್ತುಗಳ ಮೇಲೆ ಧಾನ್ಯವನ್ನು ಹೇರಿಕೊಂಡು ಬಂದು ಪಾಳೆಯದಲ್ಲಿ ಮಾರುವ ಲಮಾಣಿಗಳು ಒಂದು ಕಡೆ. ಇವರೆಲ್ಲರ ಅಂಚಿನಲ್ಲಿ ಪಿಂಡಾರಿಗಳು. ಪಿಂಡಾರಿಗಳಿಗೆ ಸಂಬಳವಿಲ್ಲ, ಶತ್ರುವಿನ ಸೀಮೆಯಲ್ಲಿ ದೋಚಿದುದೇ ಅವರ ಸಂಬಳ, ಅದರಲ್ಲಿಯೂ ಒಂದು ಪಾಲನ್ನು ಸರದಾರನಿಗೆ ಸಲ್ಲಿಸಿ ಉಳಿದುದನ್ನು ಅವರು ಇಟ್ಟುಕೊಳ್ಳುತ್ತಿದ್ದರು. ಈ ಕಟ್ಟಳೆಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಹೊಣೆಯ ವಿಚಾರ ಬಂದಾಗ ಇದೇ ಮುಖ್ಯವಾಗುತ್ತದೆ.

ಶೃಂಗೇರಿಯ ಹಾವಳಿಯ ಸಂಗತಿಯು ವಿದ್ವಾಂಸರ ಗಮನಕ್ಕೆ ಬಂದುದು 1916ರಲ್ಲಿ. ಆಗ ಮೈಸೂರಿನ ಪ್ರಾಕ್ತನವಿಮರ್ಶೆಯ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು ಮಠದ ಕಡತಗಳನ್ನು ಪರಿಶೀಲಿಸುತ್ತಿದ್ದಾಗ ಟೀಪುವು ಜಗದ್ಗುರುಗಳಾದ ಮೂರನೆಯ ಸಚ್ಚಿದಾನಂದ ಭಾರತೀ ಸ್ವಾಮಿಗಳವರಿಗೆ ಬರೆಸಿದ ಕನ್ನಡ ಪತ್ರಗಳು ದೊರೆತವು. ಅವುಗಳ ಸಾರವನ್ನು ಇಲಾಖೆಯ ವಾರ್ಷಿಕ ವರದಿಯಲ್ಲಿ ಅವರು ಪ್ರಕಟಿಸಿದರು. ಅನಂತರ ಸುರೇಂದ್ರನಾಥ ಸೇನರು ಈ ಪತ್ರಗಳನ್ನು ಮರಾಠಿ ಆಧಾರಗಳೊಡನೆ ಹೋಲಿಸಿ ವಿಮರ್ಶಿಸಿದರು. ಈಚೆಗೆ ಡಾ. ಎ. ಕೆ. ಶಾಸ್ತ್ರಿಗಳು ಮಠದ ದಾಖಲೆಗಳನ್ನು ಸಂಕಲಿಸಿ ಹೊರತಂದಿರುವರು.

ಪತ್ರಗಳಿಂದ ತಿಳಿದುಬರುವ ಸಂಗತಿ ಇಷ್ಟು. ದಂಡಿನ ಸವಾರರು ಶೃಂಗೇರಿಗೆ ನುಗ್ಗಿ ಬ್ರಾಹ್ಮಣರನ್ನೂ ಇತರ ಅನೇಕರನ್ನೂ ಕೊಂದು ಗಾಯಪಡಿಸಿದರು. ಮಠದ ಸೊತ್ತೆಲ್ಲವನ್ನೂ ಒಯ್ದರು. ಶಾರದಾದೇವಿಯ ಮೂರ್ತಿಯನ್ನು ಸ್ಥಾನದಿಂದ ಕದಲಿಸಿದರು. ಸ್ವಾಮಿಗಳವರು ಶೃಂಗೇರಿಯನ್ನು ಬಿಟ್ಟು ಘಟ್ಟದ ಕೆಳಗೆ ಕಾರ್ಕಳದಲ್ಲಿ ನೆಲಸಬೇಕಾಯಿತು. ಅಲ್ಲಿಂದ ಅವರು ಟೀಪುವಿಗೆ ಬರೆದು, ದೇವಿಯ ಪುನಃಪ್ರತಿಷ್ಠೆಗೆ ಸಹಾಯವನ್ನು ಕೋರಿದರು. 1791ರ ಜುಲೈ ತಿಂಗಳಿನಲ್ಲಿ ಬರೆಸಿದ ಉತ್ತರದಲ್ಲಿ ಟೀಪುವು ತನ್ನ ವ್ಯಥೆಯನ್ನು ತಿಳಿಸಿ, ನಗುತ್ತ ಮಾಡಿದ ಪಾಪವನ್ನು ಅಳುತ್ತ ಅನುಭವಿಸಬೇಕಾಗುವುದೆಂಬ ಅರ್ಥದ ಒಂದು ಸಂಸ್ಕೃತ ವಚನವನ್ನು ಸೇರಿಸಿರುವನು. ಬಿದನೂರಿನ ಆಸಫನಿಂದ 200 ರಹತಿಗಳನ್ನು ನಗದಾಗಿಯೂ ಅಷ್ಟೇ ಬೆಲೆಯ ಧಾನ್ಯವನ್ನೂ ಕೊಡಿಸುವುದಾಗಿ ತಿಳಿಸಿರುವನು. ರಹತಿಯೆಂಬುದು ಟೀಪುವಿನ ಕಾಲದ ಚಿನ್ನದ ಹಣದ ಹೆಸರು. ಮುಂದಿನ ಪತ್ರಗಳಲ್ಲಿ ಶತಚಂಡೀ ಸಹಸ್ರಚಂಡೀ ಜಪಗಳನ್ನು ಮಾಡಿಸಬೇಕೆಂಬ ಕೋರಿಕೆಯೂ ಇದೆ. ಆ ಸಂಸ್ಕೃತ ವಚನವನ್ನು ಸೇರಿಸಿದವನು ದರಬಾರಿನ ಬ್ರಾಹ್ಮಣ ಲೇಖಕನೇ ಇರಬೇಕೆಂದು ನನ್ನ ಊಹೆ. ಲೇಖಕನು ಯಾರೇ ಆಗಿರಲಿ, ಪತ್ರವು ದೊರೆಯದೇ.

ಇಲ್ಲಿಗೆ ಒಂದು ಪೂರ್ವಪಕ್ಷವು ಏಳುತ್ತದೆ. ಟೀಪುವು ಮರಾಠರೊಡನೆ ಯುದ್ಧದಲ್ಲಿದ್ದವನು. ಶತ್ರುವು ಶತ್ರುವಿನ ಮೇಲೆ ಹೇಳಿದ ಮಾತು ಹೇಗೆ ಪ್ರಮಾಣವಾದೀತು? ಪುಣೆಯ ಅರಸರು ಬ್ರಾಹ್ಮಣರು, ಶೃಂಗೇರಿಯ ಗುರುಪೀಠವನ್ನು ಗೌರವಿಸತಕ್ಕವರು. ಅವರನ್ನು ಮಠದ ಕಣ್ಣಿನಲ್ಲಿ ಕೀಳುಮಾಡುವುದರಲ್ಲಿ ಟೀಪುವಿಗೆ ಲಾಭವಿದ್ದೇ ಇದೆ. ಈ ಆಕ್ಷೇಪವು ಹುರುಳಿಲ್ಲದುದಲ್ಲ. ಸ್ಮೃತಿಕಾರರು ಸಾಕ್ಷಿಗಳನ್ನು ಪರೀಕ್ಷಿಸುವಾಗ ಮಿತ್ರನನ್ನೂ ಶತ್ರುವನ್ನೂ ಬಿಡಬೇಕೆಂದು ಹೇಳಿರುವರು. ವೈರಿಯು ಹಗೆ ತೀರಿಸಿಕೊಳ್ಳುವುದಕ್ಕಾಗಿ ಸುಳ್ಳು ಹೇಳಬಹುದೆಂದು ನಾರದನು ಕಾರಣವನ್ನೂ ಕೊಟ್ಟಿರುವನು. ಆದರೆ ಕೊಲೆ, ಸುಲಿಗೆ, ಸ್ತ್ರೀಯರ ಮೇಲಣ ಬಲಾತ್ಕಾರ ಮುಂತಾದ ಸಾಹಸಗಳಲ್ಲಿ ಸಾಕ್ಷಿಗಳ ಯೋಗ್ಯತೆಯನ್ನು ಅಷ್ಟು ಬಿಗಿಯಾಗಿ ಪರೀಕ್ಷಿಸಬಾರದೆಂದು ಮನುಯಾಜ್ಞವಲ್ಕ್ಯರಿಬ್ಬರ ಮತ. ಸಾಲದ ಕರಾರಿಗೆ ಸಾಕ್ಷಿಗಳನ್ನು ಮೊದಲೇ ಆರಿಸಿ ಕೂರಿಸಿಕೊಳ್ಳಬಹುದು; ಕೊಲೆಗೆ ಯಾರೂ ಸಾಕ್ಷಿಗಳನ್ನು ಕರೆದುಕೊಂಡು ಹೋಗುವುದಿಲ್ಲ. ಅಲ್ಲಿ ಯಾರು ಇದ್ದರೋ ಅವರೇ ಸಾಕ್ಷಿಗಳು. ಆದುದರಿಂದ ಶತ್ರುವಿನ ಮಾತನ್ನು ಹೊರಗೆ ಹಾಕಬೇಕಾಗಿಲ್ಲ. ಆದರೆ ಅದೊಂದನ್ನೇ ನೆಚ್ಚಿ ತೀರ್ಮಾನಿಸಲೂ ಆಗದು.

ಟೀಪುವಿನ ಸೈನ್ಯವೇ ಕೊಡಗಿನಲ್ಲಿಯೂ ಮಲೆಯಾಳದಲ್ಲಿಯೂ ನಿರಾಯುಧರ ಮೇಲೆ ನಡೆಸಿದ ಕಾರ್ಯಗಳನ್ನು ಕುರಿತ ಆರೋಪಗಳಿವೆ. ಅವನ ಆಳ್ವಿಕೆಯಲ್ಲಿ ತಮ್ಮ ಕುಲದವರು ಹತರಾದರೆಂಬ ನೆನಪಿನಿಂದ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರ ಮನೆತನಗಳಲ್ಲಿ ನರಕಚತುರ್ದಶಿಯ ಹಬ್ಬವನ್ನು ಆಚರಿಸದಿರುವ ಪದ್ಧತಿಯೂ ಉಂಟು. ಇಂತಹ ನೆನಪನ್ನು ನಮ್ಮವರು ಐತಿಹ್ಯವೆಂದು ಕರೆಯುತ್ತಾರೆ. ನೈಯಾಯಿಕರು ಅದನ್ನು ಬೇರೆ ಪ್ರಮಾಣವೆಂದು ಎಣಿಸದೆ ಶಬ್ದದಲ್ಲಿಯೇ ಸೇರಿಸುವರು. ಮೊದಲು ಹೇಳಿದವನು ಆಪ್ತನೆಂದು ಗೊತ್ತಾಗಬೇಕೆಂಬ ನಿಯಮವೂ ಅದರೊಡನೆ ಬರುತ್ತದೆ. ಹಬ್ಬವನ್ನು ಬಿಟ್ಟ ಮನೆಯವರನ್ನು ಸುಳ್ಳುಗಾರರೆನ್ನುವುದು ಅವಿವೇಕ, ಪದ್ಧತಿಯೊಂದರಿಂದಲೇ ಸಂಖ್ಯೆಯನ್ನೂ ತಿಥಿಯನ್ನೂ ಸಾಧಿಸಹೊರಡುವುದು ಸಾಹಸ. ಪ್ರಕೃತಕ್ಕೆ ಬೇಕಾದುದು ಇಷ್ಟೇ: ತನ್ನ ಕೈಯಲ್ಲಿ ರಕ್ತವಿದ್ದವನು ಇನ್ನೊಬ್ಬನ ಕೈಯ ರಕ್ತವನ್ನು ಕುರಿತು ನಿಜವನ್ನೇ ಹೇಳಬಹುದು. ಒಂದು ಆರೋಪವು ಇನ್ನೊಂದನ್ನು ಕಳೆಯುವುದಿಲ್ಲ, ಕೂಡಿಸುವುದೂ ಇಲ್ಲ.

ಇನ್ನು ಮೂರನೆಯ ಸಾಕ್ಷ್ಯಕ್ಕೆ ಬರೋಣ. ಪಟವರ್ಧನ ಮನೆತನದ ದಫ್ತರಗಳಲ್ಲಿದ್ದ ಮರಾಠಿ ಪತ್ರಗಳನ್ನು ವಾಸುದೇವ ವಾಮನ ಖರೆಯವರು ಬಹು ಸಂಪುಟಗಳಲ್ಲಿ ಪ್ರಕಟಿಸಿದರು. ಅದರಲ್ಲಿ ಶೃಂಗೇರಿಯನ್ನು ಕುರಿತು ದಂಡಿನ ಕಡೆಯವರೇ ಬರೆದ ಪತ್ರವೊಂದು ಇದೆ. ಲಮಾಣಿಗಳೂ ಪಿಂಡಾರಿಗಳೂ ಹೋಗಿ ಸ್ವಾಮಿಗಳವರನ್ನು ಕೊಳ್ಳೆಹೊಡೆದರೆಂದೂ, ದಂಡಕಮಂಡಲುಗಳನ್ನು ಕೂಡ ಬಿಡಲಿಲ್ಲವೆಂದೂ, ಪೂಜೆಯ ಲಿಂಗಗಳೂ ಆನೆಗಳೂ ಹೋದವೆಂದೂ, ಹೆಂಗಸರ ಮೇಲೆ ಬಲಾತ್ಕಾರವಾಗಿ ಅನೇಕರು ಪ್ರಾಣ ಕಳೆದುಕೊಂಡರೆಂದೂ ಅದರಲ್ಲಿ ಹೇಳಿದೆ. ಇದು ಟೀಪುವಿನ ಪತ್ರಕ್ಕಿಂತ ಹೆಚ್ಚಿನ ತೂಕದ್ದು. ಏಕೆಂದರೆ ತನ್ನ ಪಕ್ಷಕ್ಕೇ ಅಪಕೀರ್ತಿ ತರುವ ಸಂಗತಿಯನ್ನು, ಹೊರಗಿನವರು ನೋಡಲೆಂದಲ್ಲದೆ ಮನೆಯವರೊಳಗೆ, ಒಬ್ಬನು ಬರೆದಿರುವನು. ಹೀಗೆ ಬರೆಯುವುದರಲ್ಲಿ ಅವನಿಗೆ ಲಾಭವೇನೂ ಇಲ್ಲ. ಲೋಭವೂ ದ್ವೇಷವೂ ಇಲ್ಲದ ಕಡೆ ಸುಳ್ಳಿಗೆ ಹೇತುವಿಲ್ಲವೆಂಬುದನ್ನು ನಮ್ಮ ಶಾಸ್ತ್ರಕಾರರೆಲ್ಲರೂ ಒಪ್ಪಿರುವರು.

ಆದರೆ ಇದೇ ಪತ್ರದಲ್ಲಿ ಒಂದು ದೊಡ್ಡ ತಪ್ಪಿದೆ. ಸ್ವಾಮಿಗಳವರು ಐದು ದಿನ ಉಪವಾಸವಿದ್ದು ದೇಹವನ್ನು ಬಿಟ್ಟರೆಂದು ಪತ್ರವು ಹೇಳುತ್ತದೆ. ಅದು ನಿಜವಲ್ಲ, ಸಚ್ಚಿದಾನಂದ ಭಾರತಿಗಳು 1814ರ ವರೆಗೂ ಪೀಠದಲ್ಲಿದ್ದರು. ಹಾಗಾದರೆ ಪತ್ರವೆಲ್ಲವೂ ಅಪ್ರಮಾಣವೆ? ಒಂದು ಮಾತು ಸುಳ್ಳಾದರೆ ಎಲ್ಲವೂ ಸುಳ್ಳೆಂಬ ವಾದವು ನ್ಯಾಯಸ್ಥಾನಗಳಲ್ಲಿ ವಕೀಲರ ಬಾಯಲ್ಲಿ ಕೇಳಿಬರುತ್ತದೆ. ಆದರೆ ವಿಚಾರವಂತರು ಮೊದಲು ಒಂದು ಭೇದವನ್ನು ಮಾಡಬೇಕು. ಸ್ವಾಮಿಗಳವರ ಉಪವಾಸ ಮರಣಗಳು ಹಾವಳಿ ಮುಗಿದ ಮೇಲಿನ ಸಂಗತಿ, ದಂಡಿನ ಕಣ್ಣಿಗೆ ದೂರವಾದುದು, ಪಾಳೆಯಕ್ಕೆ ಗಾಳಿಮಾತಿನಿಂದ ಬಂದುದು. ಕೊಳ್ಳೆ, ಆನೆಗಳು, ಹೆಂಗಸರ ಗತಿ ಇವು ಕೊಳ್ಳೆಗಾರರು ಪಾಳೆಯಕ್ಕೆ ಮರಳಿದಾಗ ಅವರ ಸರಕಿನೊಡನೆಯೂ ಅವರ ಬಾಯಿಂದಲೂ ಬಂದುವು. ಕಳವಿನ ಆನೆಯನ್ನು ಪಾಳೆಯದಲ್ಲಿ ಅಡಗಿಸಿಡಲಾಗುವುದಿಲ್ಲ! ಆ ಸುಳ್ಳು ಸುದ್ದಿಯು ಇನ್ನೊಂದನ್ನು ತಿಳಿಸುತ್ತದೆ: ಗುರುವಿನ ಪ್ರಾಣಕ್ಕೇ ಸಂಚಕಾರ ಬಂದಿತೆಂದು ನಂಬುವಷ್ಟು ಭಯವೂ ಅನುತಾಪವೂ ಆ ಪಾಳೆಯದಲ್ಲಿ ಹರಡಿದ್ದುವು.

ಮೂರು ಕಡೆಯ ಬರಹಗಳನ್ನು ಸೇರಿಸಿ ನೋಡಿದರೆ, ದಂಡಿಗೆ ಸೇರಿದವರು ಶೃಂಗೇರಿಯನ್ನು ಕೊಳ್ಳೆಹೊಡೆದುದು ಸರ್ವಸಮ್ಮತ. ಆಗ ಜನರು ಸತ್ತುದೂ ಎರಡು ವಿರುದ್ಧ ಪಕ್ಷಗಳಿಂದ ಬಂದ ಮಾತು. ಆದರೆ ಎರಡೂ ಪಕ್ಷಗಳು ಒಂದೇ ಮರಣವನ್ನು ಹೇಳುವುದಿಲ್ಲ. ಟೀಪುವಿನ ಕಡೆಯ ಬರಹದಲ್ಲಿ ಕತ್ತಿಗೆ ಸಿಕ್ಕಿ ಸತ್ತವರಿದ್ದಾರೆ. ಮರಾಠಿ ಪತ್ರದಲ್ಲಿ ಮಾನಕ್ಕೆ ಅಂಜಿ ತಾವೇ ಪ್ರಾಣಬಿಟ್ಟ ಹೆಂಗಸರಿದ್ದಾರೆ. ಈ ಭೇದವನ್ನು ಹಿಂದಿನ ಲೇಖಕರು ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ. ಮಠದ ಪತ್ರಗಳಿಗೆ ಬ್ರಾಹ್ಮಣವಧೆಯು ಮುಖ್ಯ, ಹೆಂಗಸರ ಮಾತನ್ನು ದೊರೆಗೆ ಬರೆಯುವುದು ಸಂಕೋಚದ ವಿಷಯ. ಪಾಳೆಯದವನಿಗೆ ತನ್ನವರು ಕತ್ತಿಯೆತ್ತಿ ಬ್ರಾಹ್ಮಣನನ್ನು ಕಡಿದರೆಂದು ಬರೆಯುವುದು ಕಷ್ಟ. ಒಬ್ಬೊಬ್ಬನು ಬಿಟ್ಟುದನ್ನು ಇನ್ನೊಬ್ಬನು ತುಂಬಿರುವನೆಂದು ನಾನು ತಿಳಿಯುತ್ತೇನೆ. ಸಂಖ್ಯೆಯ ವಿಷಯದಲ್ಲಿ ಎರಡು ಕಡೆಯೂ ದೊರೆಯುವ ಪದ 'ಅನೇಕ' ಎಂಬುದೇ. ಹೋದ ಸೊತ್ತಿಗೆ 60 ಲಕ್ಷವೆಂಬ ಬೆಲೆಯನ್ನು ಕಟ್ಟಿದ್ದುಂಟು. ಹೋದ ಜೀವಗಳಿಗೆ ಯಾರೂ ಅಂಕೆಯನ್ನು ಹಾಕಲಿಲ್ಲ. ಆ ಜಾಗದಲ್ಲಿ ನೂರೆಂದಾಗಲಿ ಸಾವಿರವೆಂದಾಗಲಿ ಈಗ ಬರೆಯುವವರು ತಮ್ಮ ಮನಸ್ಸನ್ನು ಬರೆಯುತ್ತಾರೆ, ಚರಿತ್ರೆಯನ್ನಲ್ಲ.

ಸಂಖ್ಯೆಯಿದ್ದ ಮಾತ್ರಕ್ಕೆ ಆರೋಪವು ಸಿದ್ಧವಾಗುವುದಿಲ್ಲವೆಂಬುದಕ್ಕೆ ಅದೇ ಮಲೆನಾಡಿನ ಇನ್ನೊಂದು ಪ್ರಸಂಗವನ್ನು ಇಲ್ಲಿ ಹೋಲಿಸಬಹುದು. ಶೃಂಗೇರಿಗಿಂತ ಎಂಟು ವರ್ಷಗಳ ಮುಂಚೆ, 1783ರಲ್ಲಿ, ಜನರಲ್ ರಿಚರ್ಡ್ ಮ್ಯಾಥ್ಯೂಸನ ಅಧೀನದಲ್ಲಿದ್ದ ಇಂಗ್ಲಿಷರ ಮುಂಬಯಿ ಸೈನ್ಯವು ಕನ್ನಡಜಿಲ್ಲೆಯ ಕಡಲತೀರದಿಂದ ಘಟ್ಟವನ್ನು ಹತ್ತಿ ಬಿದನೂರನ್ನು ವಶಪಡಿಸಿಕೊಂಡಿತು. ಅಲ್ಲಿ ಕಾದಾಟವಾಗಲಿಲ್ಲ; ಅಧಿಕಾರಿಯಾಗಿದ್ದ ಅಯಾಜ್ ಖಾನನೇ ಒಪ್ಪಿಸಿಬಿಟ್ಟನು. ಫೆಬ್ರವರಿಯಲ್ಲಿ ಅದೇ ಸೈನ್ಯದವರು ಅನಂತಪುರದ ಕೋಟೆಯನ್ನು ಲಗ್ಗೆಹತ್ತಿ ಹಿಡಿದರು. ಇದು ಈಗ ಸಾಗರ ತಾಲೂಕಿನಲ್ಲಿ ಆನಂದಪುರವೆಂದು ಕರೆಯುವ ಊರು. ಕೋಟೆಯೊಳಗಿದ್ದ ಗಂಡಸರೆಲ್ಲರನ್ನೂ ಕೊಂದರೆಂದೂ, 400 ಮಂದಿ ಸುಂದರಿಯರು ಬಂದೂಕದ ಈಟಿಯ ಗಾಯಗಳಿಂದ ಒಬ್ಬರನ್ನೊಬ್ಬರು ಅಪ್ಪಿಕೊಂಡು ಸತ್ತರೆಂದೂ ಲಂಡನ್ನಿನ ವಾರ್ಷಿಕ ಸಂಗ್ರಹದಲ್ಲಿ ಅಚ್ಚಾಯಿತು. ಅಲ್ಲಿಂದ ಅದು ಗ್ರಂಥದಿಂದ ಗ್ರಂಥಕ್ಕೆ ಸಾಗಿ ಜೇಮ್ಸ್ ಮಿಲ್ಲನ ಭಾರತಚರಿತ್ರೆಯನ್ನೂ ಸೇರಿತು. ಮುಂಬಯಿ ಸೈನ್ಯದ ಕಡೆಯವರು ಇದನ್ನು ಕಟ್ಟುಕಥೆಯೆಂದು ನಿರಾಕರಿಸಿ 1787ರಲ್ಲಿ ಸಮರ್ಥನೆಯೊಂದನ್ನು ಅಚ್ಚುಹಾಕಿಸಿದರು.

ಇಲ್ಲಿ ಆರೋಪಿಸಿದವರೂ ಇಂಗ್ಲಿಷರೇ, ನಿರಾಕರಿಸಿದವರೂ ಇಂಗ್ಲಿಷರೇ. ಸ್ವಪಕ್ಷದವರೇ ಹೇಳಿದರೆಂಬುದು ಆರೋಪಕ್ಕೆ ಬಲ; ಆದರೆ ಬರಹದ ರೀತಿಯು ಅದನ್ನು ಕುಂದಿಸುತ್ತದೆ. ಹೆಣಗಳ ನಡುವೆ ಸುಂದರಿಯರನ್ನು ಆರಿಸಿ 400 ಎಂದು ಎಣಿಸಿದವನು ಯಾರು? ಇದು ಕವಿಸಮಯದ ಮಾತು, ಸಾಕ್ಷಿಯ ಮಾತಲ್ಲ. ಅಲಂಕಾರವು ಸುಳ್ಳೆಂದರೆ ಅದರ ಕೆಳಗಿನ ದೇಹವೂ ಸುಳ್ಳಾಗಬೇಕಾಗಿಲ್ಲ. ಲಗ್ಗೆಯಿಂದ ಹಿಡಿದ ಕೋಟೆಯಲ್ಲಿ ಕೊಲೆಯು ಮಿತಿಮೀರುವುದು ಆ ಕಾಲದಲ್ಲಿ ಅಪೂರ್ವವೇನಲ್ಲ. ಆದರೆ ನಿರಾಕರಿಸಿದವರು ಆರೋಪಿತರೇ ಆದುದರಿಂದ ಅವರ ಮಾತೂ ತೂಕದ್ದಲ್ಲ. ಲಂಡನ್ನಿನಲ್ಲಿ ನಡೆದ ಈ ವಾಗ್ವಾದದಲ್ಲಿ ಅನಂತಪುರದ ಒಬ್ಬ ನಿವಾಸಿಯ ಮಾತಿಗೂ ಸ್ಥಳವಿರಲಿಲ್ಲ. ಎರಡು ಪಕ್ಷಗಳೂ ತಮ್ಮ ರಾಷ್ಟ್ರದ ಮಾನವನ್ನು ಕುರಿತು ವಾದಿಸಿದುವು. ಮ್ಯಾಥ್ಯೂಸನು ಅದೇ ವರ್ಷ ಟೀಪುವಿಗೆ ಸೆರೆಸಿಕ್ಕಿ ಶ್ರೀರಂಗಪಟ್ಟಣದಲ್ಲಿ ಸತ್ತುದರಿಂದ ಅವನ ಹೇಳಿಕೆಗೂ ಅವಕಾಶವಾಗಲಿಲ್ಲ. ಆದುದರಿಂದ ಅನಂತಪುರದ 400 ಎಂಬುದು ಸಿದ್ಧವೂ ಅಲ್ಲ, ಬಾಧಿತವೂ ಅಲ್ಲ. ಶೃಂಗೇರಿಯ 'ಅನೇಕ'ವು ಅಂಕೆಯಿಲ್ಲದಿದ್ದರೂ ಸಿದ್ಧವಾದುದು.

ಇನ್ನು ಹೊಣೆಯ ವಿಚಾರ. ಮರಾಠರ ಪಕ್ಷವನ್ನು ವಹಿಸಿ ಬರೆದವರು ಸಾಮಾನ್ಯವಾಗಿ ಹೇಳುವ ಸಮಾಧಾನವೇನೆಂದರೆ, ಇದು ಪಿಂಡಾರಿಗಳ ಕೆಲಸ, ಸರದಾರರು ಆಜ್ಞೆ ಕೊಟ್ಟಿರಲಿಲ್ಲ, ತಿಳಿದ ಮೇಲೆ ವ್ಯಥೆಪಟ್ಟರು ಎಂಬುದು. ಭಾವುವಿನ ದಂಡಿನಲ್ಲಿ ರಘುನಾಥರಾಯ ಪಟವರ್ಧನನ ಕಡೆಯವರು ಈ ಕೃತ್ಯದಲ್ಲಿದ್ದರೆಂದು ಹೇಳುತ್ತಾರೆ. ಅವನೇ ಸ್ವತಃ ಆಜ್ಞಾಪಿಸಿದನೆಂಬುದಕ್ಕೆ ಆಧಾರವನ್ನು ನಾನು ಕಾಣೆ. ಆಜ್ಞೆಯಿಲ್ಲವೆಂಬುದನ್ನು ಒಪ್ಪಿಯೇ ವಿಚಾರಿಸೋಣ.

ಆಜ್ಞಾಪಿಸದವನಿಗೆ ದೋಷವಿಲ್ಲವೆಂಬುದು ನಮ್ಮ ಶಾಸ್ತ್ರದ ಮತವಲ್ಲ. ಮಾಡಿಸಿದವನು, ಅನುಮೋದಿಸಿದವನು, ಮಾಡಿದವನು ಈ ಮೂವರೂ ಕರ್ಮಫಲದಲ್ಲಿ ಭಾಗಿಗಳೆಂದು ಆಪಸ್ತಂಬನು ಹೇಳಿರುವನು. ಇದನ್ನು ವಿಸ್ತರಿಸಿ ನಿಷ್ಕರ್ಷೆ ಮಾಡಿದವನು ಕಲ್ಯಾಣದ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ನಮ್ಮ ವಿಜ್ಞಾನೇಶ್ವರ. ಮಿತಾಕ್ಷರೆಯ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಬ್ರಹ್ಮಹತ್ಯೆಯ ಪ್ರಸ್ತಾವ ಬಂದಾಗ, ಕೊಂದವನೆಂದರೆ ಯಾರೆಂಬ ಪ್ರಶ್ನೆಯನ್ನು ಅವನು ಎತ್ತುತ್ತಾನೆ. ಕೈಯಾರೆ ಕೊಂದ ಕರ್ತೃವಲ್ಲದೆ, ಓಡುವವನನ್ನು ತಡೆದೋ ನೆರವಿಗೆ ಬರುವವರನ್ನು ತಡೆದೋ ಕೊಲೆಗಾರನಿಗೆ ಉಪಕಾರ ಮಾಡಿದ ಅನುಗ್ರಾಹಕ, ಪ್ರೇರಿಸಿದ ಪ್ರಯೋಜಕ, ಒಪ್ಪಿಗೆಯಿತ್ತ ಅನುಮಂತೃ, ಕೊನೆಗೆ ನಿಮಿತ್ತಿ ಎಂದು ಅವನ ವಿಂಗಡಣೆ. ಕಾತ್ಯಾಯನನ ಹೆಸರಿನಲ್ಲಿ ನಿಬಂಧಗಳಲ್ಲಿ ಬರುವ ವಚನಗಳು ಪಟ್ಟಿಯನ್ನು ಇನ್ನೂ ಬೆಳೆಸುತ್ತವೆ: ದುಷ್ಕರ್ಮಿಗಳಿಗೆ ದಾರಿ ತೋರಿಸಿದವನು, ಆಶ್ರಯ ಕೊಟ್ಟವನು, ಆಯುಧ ಕೊಟ್ಟವನು, ಅನ್ನ ಕೊಟ್ಟವನು, ತಡೆಯುವ ಶಕ್ತಿಯಿದ್ದೂ ಉಪೇಕ್ಷಿಸಿದವನು. ಪಿಂಡಾರಿಗಳಿಗೆ ಪಾಳೆಯದಲ್ಲಿ ಸ್ಥಳ ಕೊಟ್ಟವರು ಯಾರು? ಸಂಬಳ ಕೊಡದೆ ಕೊಳ್ಳೆಯಿಂದಲೇ ಜೀವಿಸಬೇಕೆಂಬ ಕಟ್ಟಳೆಯನ್ನು ಮಾಡಿ, ಆ ಕೊಳ್ಳೆಯಲ್ಲಿ ಪಾಲು ತೆಗೆದುಕೊಂಡವರು ಯಾರು? ಸುಲಿಗೆಯಲ್ಲಿ ಪಾಲುಗೊಳ್ಳುವವನು ಸುಲಿಗೆಯಿಂದಾದ ಕೊಲೆಯಲ್ಲಿ ಪಾಲನ್ನು ಬೇಡವೆನ್ನಲಾಗದು. ಸೈನ್ಯಾಧಿಪತಿಯು ತನ್ನ ಕೈಕೆಳಗಿನವರನ್ನು ತಡೆಯದಿದ್ದರೆ ಅವನೂ ಅಪರಾಧಿಯೆಂಬ ತತ್ತ್ವವನ್ನು ಎರಡನೆಯ ಮಹಾಯುದ್ಧದ ತರುವಾಯದ ನ್ಯಾಯವಿಚಾರಣೆಗಳಲ್ಲಿ ಅನ್ವಯಿಸಿದರು. 1998ರಲ್ಲಿ ರೋಮಿನಲ್ಲಿ ಆದ ಅಂತಾರಾಷ್ಟ್ರೀಯ ನಿಬಂಧನೆಯಲ್ಲಿಯೂ ಅದು ಸೇರಿತು. ಇವನ್ನು ನಮ್ಮವರು ಮೊದಲೇ ಕಂಡಿದ್ದರೆಂದು ಹೆಮ್ಮೆಪಡುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಕಂಡಿದ್ದವರ ಸಂತತಿಯೇ, ಆ ಗ್ರಂಥಗಳನ್ನು ಓದಿಬಲ್ಲ ಮನೆತನಗಳ ಸರದಾರರೇ, ಆ ದಂಡಿನ ಮುಂದೆ ಇದ್ದರೆಂಬುದು ನೋವಿನ ಸಂಗತಿ.

ನಿಮಿತ್ತಿಯ ಲಕ್ಷಣವನ್ನು ಬೇರೆಯಾಗಿ ಹೇಳಬೇಕು. ಒಬ್ಬನು ಇನ್ನೊಬ್ಬನನ್ನು ಬೈದೋ ಹೊಡೆದೋ ಅವನ ಸೊತ್ತನ್ನು ಅಪಹರಿಸಿಯೋ ನೋಯಿಸಿದುದರಿಂದ, ಆ ನೊಂದವನು ಇವನನ್ನು ಉದ್ದೇಶಿಸಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡರೆ, ನೋಯಿಸಿದವನೂ ಹಂತಕರ ಸಾಲಿನಲ್ಲಿ ಸೇರುವನೆಂದು ಮಿತಾಕ್ಷರೆಯ ಅಭಿಪ್ರಾಯ. ಈ ಲಕ್ಷಣದಂತೆ, ಮರಾಠಿ ಪತ್ರದಲ್ಲಿ ಹೇಳಿದ ಆ ಹೆಂಗಸರ ಮರಣವನ್ನು ಆತ್ಮಹತ್ಯೆಯೆಂದು ಬೇರೆ ಕಂಬದಲ್ಲಿ ಬರೆಯುವುದು ತಪ್ಪು. ಅವರನ್ನು ಕತ್ತಿಯಿಂದ ಸತ್ತವರೊಡನೆಯೇ ಎಣಿಸಬೇಕು. ಪತ್ರವನ್ನು ಬರೆದವನು ತನಗರಿವಿಲ್ಲದೆಯೇ ತನ್ನ ದಂಡಿನ ಮೇಲೆ ವಧೆಯ ದೋಷವನ್ನು ಒಪ್ಪಿಕೊಂಡಂತಾಯಿತು.

ಯುದ್ಧಧರ್ಮವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಕೈಮುಗಿದವನನ್ನೂ, ಮಲಗಿದವನನ್ನೂ, ಆಯುಧವಿಲ್ಲದವನನ್ನೂ, ಯುದ್ಧಮಾಡದೆ ನೋಡುತ್ತ ನಿಂತವನನ್ನೂ ಕೊಲ್ಲಬಾರದೆಂಬ ಮನುವಿನ ಮಾತು ಪ್ರಸಿದ್ಧವಾದುದು. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ, ಕೋಟೆಯನ್ನು ಹಿಡಿಯುವಾಗ ಕಾದದವರಿಗೆ ಅಭಯ ಕೊಡಬೇಕೆಂದೂ, ಜನವಿಲ್ಲದ ಜನಪದವು ರಾಜ್ಯವೇ ಅಲ್ಲವೆಂದೂ ಇದೆ. ಶತ್ರುವಿನ ಪೈರನ್ನು ನಾಶಮಾಡುವ ಉಪಾಯವನ್ನೂ ಅದೇ ಪ್ರಕರಣವು ಬೋಧಿಸುತ್ತದೆಂಬುದನ್ನು ಮಾತ್ರ ನಮ್ಮವರು ಉದಾಹರಿಸುವಾಗ ಬಿಟ್ಟುಬಿಡುತ್ತಾರೆ.

ಪರಿಹಾರದ ಮಾತು ಉಳಿದಿದೆ. ಕಳ್ಳರು ಒಯ್ದ ದ್ರವ್ಯವನ್ನು ರಾಜನು ಹುಡುಕಿಸಿ ಪ್ರಜೆಗೆ ಕೊಡಿಸಬೇಕು, ಸಿಕ್ಕದಿದ್ದರೆ ತನ್ನ ಬೊಕ್ಕಸದಿಂದ ಕೊಡಬೇಕು ಎಂಬುದು ಯಾಜ್ಞವಲ್ಕ್ಯನ ವಿಧಿ. ಹಾವಳಿಯ ಸುದ್ದಿಯು ಪುಣೆಗೆ ಮುಟ್ಟಿದ ಮೇಲೆ, ಸೊತ್ತನ್ನು ಮಠಕ್ಕೆ ಹಿಂದಿರುಗಿಸಬೇಕೆಂದು ಭಾವುವಿಗೆ ಆಜ್ಞೆಯಾಯಿತು. ಇದು ವಿಧಿಗೆ ಅನುಗುಣವಾದುದು. ಸರ್ಕಾರವೇ ಕೃತ್ಯವನ್ನು ಒಪ್ಪಿಕೊಂಡುದಕ್ಕೆ ಲಿಂಗವೂ ಆಗಿದೆ. ಕೃತ್ಯವು ನಡೆಯಲಿಲ್ಲವೆಂದು ಪುಣೆಯವರು ವಾದಿಸಲಿಲ್ಲವೆಂಬುದನ್ನು, ಅವರ ಪರವಾಗಿ ಈಗ ಹಾಗೆ ವಾದಿಸಹೊರಡುವವರು ಗಮನಿಸಬೇಕು. ಟೀಪುವು ಕೊಟ್ಟುದಾದರೋ ತನ್ನ ಪ್ರಜೆಗಳನ್ನು ಕಾಯಲಾರದ ರಾಜನು ಕೊಟ್ಟ ದ್ರವ್ಯ. ಅವನು ಅದನ್ನು ಪ್ರತಿಷ್ಠೆಗೂ ಬ್ರಾಹ್ಮಣಭೋಜನಕ್ಕೂ ಶತ್ರುನಾಶಾರ್ಥವಾದ ಜಪಕ್ಕೂ ವಿನಿಯೋಗಿಸಬೇಕೆಂದು ಬರೆಸಿದನು. ಪಶ್ಚಿಮಘಟ್ಟದ ಆ ಮೂಲೆಗೆ ಅವನ ದಂಡು ಏಕೆ ಹೋಗಲಿಲ್ಲವೆಂದು ಕೇಳಬಹುದು. ಆ ವೇಳೆಗೆ ಬೆಂಗಳೂರು ಇಂಗ್ಲಿಷರ ವಶವಾಗಿ, ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿದ್ದನು.

1792ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಕೌಲು ಆಯಿತು. ಟೀಪುವು ರಾಜ್ಯದ ಅರ್ಧವನ್ನೂ ಮೂರು ಕೋಟಿಗೂ ಮೀರಿದ ದಂಡವನ್ನೂ ಒಪ್ಪಿ, ಹಣವು ಸಲ್ಲುವ ತನಕ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದನು. ಮಠವೂ ಕ್ರಮೇಣ ಚೇತರಿಸಿಕೊಂಡಿತು, ದೇವಿಯ ಪೂಜೆಯು ನಡೆಯಿತು, ಸ್ವಾಮಿಗಳವರಿಗೂ ಸುಲ್ತಾನನಿಗೂ ಪತ್ರವ್ಯವಹಾರವು ಮುಂದುವರಿಯಿತು. ಆ ಪತ್ರಗಳಲ್ಲಿ ಪಲ್ಲಕ್ಕಿಯ ಮಾತಿದೆ, ಬೆಳ್ಳಿಯ ಚಾಮರಗಳ ಮಾತಿದೆ. ಹಾವಳಿಯ ದಿನ ಅಗ್ರಹಾರದಲ್ಲಿಯೂ ಪೇಟೆಯಲ್ಲಿಯೂ ಸತ್ತವರಲ್ಲಿ ಒಬ್ಬರ ಹೆಸರಾದರೂ, ಅವರ ಮಕ್ಕಳಿಗೆ ಸಂದ ಒಂದು ರಹತಿಯ ಲೆಕ್ಕವಾದರೂ ಈ ಲೇಖನದಲ್ಲಿ ಬಂದಿದ್ದರೆ ನನಗೆ ಸಂತೋಷವಾಗುತ್ತಿತ್ತು. ಶೃಂಗೇರಿಯ ಸುತ್ತಣ ಹಳೆಯ ಮನೆಗಳ ಅಟ್ಟಗಳಲ್ಲಿ ಶ್ರಾದ್ಧದ ತಿಥಿಗಳನ್ನು ಬರೆದಿಟ್ಟ ಓಲೆಗಳೂ ಹಳೆಯ ಲೆಕ್ಕದ ಕಡತಗಳೂ ಉಳಿದಿದ್ದರೆ, ವಿರೋಧಿಕೃತ್ ಸಂವತ್ಸರದ ಚೈತ್ರದಿಂದ ಆಷಾಢದ ವರೆಗಿನ ತಿಥಿಗಳನ್ನು ಅವುಗಳಲ್ಲಿ ಹುಡುಕಿ ನೋಡಬೇಕೆಂದು ಆ ಸೀಮೆಯ ವಾಚಕರನ್ನು ಬೇಡುತ್ತೇನೆ.